ಹಳೇ .22 ಟಾರ್ಗೆಟ್ ಪಿಸ್ತೂಲಿಗೆ ನಂಬುವಂಥ ತೋಟಾ ಯಾವುದು?

ಎಂಟರ ಉಂಗುರ

ಒಂದು ಹಳೇ .22 ಎಲ್‌ಆರ್ (ಲಾಂಗ್ ರೈಫಲ್ ಅನ್ನುವ ಸಣ್ಣ ತೋಟಾದ) ಟಾರ್ಗೆಟ್ ಪಿಸ್ತೂಲು ಸೆಕೆಂಡ್ ಹ್ಯಾಂಡ್ ಆಗಿ ಕೈಗೆ ಬಂದಿದೆ. 1960ರ ದಶಕದ್ದು. ಸೆಮಿ ಆಟೋಮ್ಯಾಟಿಕ್, ಉದ್ದ ನಳಿಗೆ, ಮರದ ಹಿಡಿ. ಟ್ರಿಗರ್ ಅಂದರೆ ಬೆಣ್ಣೆ. ನಾನು ಈವರೆಗೆ ಹಿಡಿದ ಯಾವ ಪಿಸ್ತೂಲೂ ಇಷ್ಟು ಚೆನ್ನಾಗಿ ಕೈಗೆ ಕೂತಿರಲಿಲ್ಲ.

ತಕರಾರು ಏನೆಂದರೆ, ಮೂವತ್ತು ಹೊಡೆತಕ್ಕೆ ಒಂದಾದರೂ ಕೈ ಕೊಡುತ್ತದೆ. ಒಮ್ಮೆ ಖಾಲಿ ಕೇಸು ಹೊರಗೆ ಹಾರದೆ ಚಿಮಣಿ ತರಹ ನಿಂತುಬಿಡುತ್ತದೆ. ಇನ್ನೊಮ್ಮೆ ಬರೀ ‘ಟಕ್’ ಅನ್ನುತ್ತದೆ, ಸಿಡಿಯುವುದಿಲ್ಲ. ಮೂರು ಬಗೆಯ ತೋಟಾ ಹಾಕಿ ನೋಡಿದೆ. ದುಬಾರಿ ಮ್ಯಾಚ್ ತೋಟಾವೇ (ಸ್ಪರ್ಧೆಗೆಂದು ಮಾಡಿದ್ದು) ಎಲ್ಲಕ್ಕಿಂತ ಜಾಸ್ತಿ ಸಿಕ್ಕಿಕೊಂಡಿತು. ಮಾಮೂಲಿ ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಸಾಧಾರಣ ವೇಗದ್ದು, ಒಂದಿಷ್ಟು ವಾಸಿ. ಅಗ್ಗದ ಹೈ ವೆಲಾಸಿಟಿ ಒಂದು ಡಬ್ಬಿ ಪೂರ್ತಿ ಓಡಿತು, ಒಂದೂ ನಿಲ್ಲಲಿಲ್ಲ!

ಪಕ್ಕದ ಲೇನಿನವರು ‘ಸುಮ್ನೆ ಅದನ್ನೇ ಹಾಕಿ ಹೊಡಿ’ ಅಂದರು. ಹಾಗೆ ಮಾಡಬಹುದೇ? ಇಲ್ಲವೆಂದರೆ ಯಾವ ತೋಟಾ ಕೊಳ್ಳಲಿ?

ಗಟ್ಟಿ ಹಿಡಿ

ಮಾಡಬಹುದು. ನನ್ನ ಪಿಸ್ತೂಲು ಎಷ್ಟೋ ವರ್ಷದಿಂದ ಹೈ ವೆಲಾಸಿಟಿ ತಿಂದುಕೊಂಡೇ ಬದುಕಿದೆ. ಉಕ್ಕು ಉಕ್ಕೇ, ಗಾಜಲ್ಲ.

ಸ್ಪ್ರಿಂಗ್ ಮಾವ

ಗಟ್ಟಿ ಹಿಡಿಯವರೇ, ನಿಮ್ಮದು ಯಾವ ಪಿಸ್ತೂಲು ಅನ್ನುವುದರ ಮೇಲೆ ಹೋಗುತ್ತದೆ. ಹೈ ವೆಲಾಸಿಟಿಗೆಂದೇ ಮಾಡಿದ ಪಿಸ್ತೂಲಾದರೆ ಯಾರದ್ದೂ ಅಡ್ಡಿ ಇಲ್ಲ. ಹಳೇ ಟಾರ್ಗೆಟ್ ಪಿಸ್ತೂಲುಗಳಲ್ಲಿ ಬಹುಪಾಲು ಸ್ಟ್ಯಾಂಡರ್ಡ್ ವೆಲಾಸಿಟಿ ಮನಸ್ಸಿನಲ್ಲಿಟ್ಟು ಮಾಡಿದವು. ಅವುಗಳ ಸ್ಪ್ರಿಂಗು, ಸ್ಲೈಡಿನ (ಹೊಡೆದಾಗ ಹಿಂದೆ ಮುಂದೆ ಸರಿಯುವ ಭಾಗ) ತೂಕ ಎಲ್ಲ ಅದಕ್ಕೇ ಹೊಂದಿಸಿದ್ದು.

ಲೆಕ್ಕ ಹಾಕಿ ನೋಡಿ. ಎರಡರಲ್ಲೂ ಸಾಮಾನ್ಯವಾಗಿ 40 ಗ್ರೇನ್ ಸೀಸ, ಅಂದರೆ 2.6 ಗ್ರಾಂ. ಸ್ಟ್ಯಾಂಡರ್ಡ್ ಡಬ್ಬಿಯ ಮೇಲೆ ಸೆಕೆಂಡಿಗೆ ಸುಮಾರು 1,070 ಅಡಿ ಅಂತ ಬರೆದಿರುತ್ತದೆ. ಹೈ ವೆಲಾಸಿಟಿಯ ಮೇಲೆ 1,235ರ ಆಸುಪಾಸು. ವೇಗ 15% ಜಾಸ್ತಿ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಈ ಪಿಸ್ತೂಲುಗಳೆಲ್ಲ ಬ್ಲೋಬ್ಯಾಕ್. ಸ್ಲೈಡಿಗೆ ಬೀಗ ಇಲ್ಲ. ಗುಂಡು ಮುಂದೆ ಹೋದ ಜೋರಿಗೇ ಸ್ಲೈಡು ಹಿಂದೆ ಬರುತ್ತದೆ. ಸ್ಲೈಡಿನ ವೇಗವೂ 15% ಏರಿದರೆ ಅದು ಹಿಂದೆ ಬಂದು ಫ್ರೇಮಿಗೆ ಬಡಿಯುವ ಶಕ್ತಿ ಮೂರನೇ ಒಂದು ಪಾಲಿನಷ್ಟು ಏರುತ್ತದೆ. ಪ್ರತಿ ಹೊಡೆತಕ್ಕೂ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ಹತ್ತು ಸಾವಿರಕ್ಕೆ ಫ್ರೇಮಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿದರೆ ಅಳುವವರು ನೀವೇ.

ಎಂಟರ ಉಂಗುರ ಅವರೇ, ನಿಮ್ಮ ಪಿಸ್ತೂಲು ಜೋರು ತೋಟಾಕ್ಕೆ ಮಾತ್ರ ಓಡುತ್ತದೆ ಅಂದರೆ ಅದಕ್ಕೆ ಜ್ವರ ಇದೆ ಅಂತ ಅರ್ಥ. ಜೋರು ತೋಟಾ ಹಾಕುವುದು ಕುಂಟುವ ಎತ್ತಿಗೆ ಚಾಟಿ ಬೀಸಿದ ಹಾಗೆ. ಓಡುತ್ತದೆ ನಿಜ. ಕಾಲು ವಾಸಿಯಾಗುವುದಿಲ್ಲ.

ಹಳೇ ಕಬ್ಬಿಣ

ಇದಕ್ಕೊಂದು ಹಳೇ ಉದಾಹರಣೆ ಇದೆ. ಕೋಲ್ಟ್ ವುಡ್ಸ್‌ಮನ್ 1915ರಿಂದ ಬಂದ ಪಿಸ್ತೂಲು. ಆಗ ಹೈ ಸ್ಪೀಡ್ ತೋಟಾ ಅನ್ನುವುದೇ ಇರಲಿಲ್ಲ. ಆಮೇಲೆ ಅವು ಬಂದಾಗ ಕೋಲ್ಟ್‌ನವರು 1932ರಲ್ಲಿ ಹಿಡಿಯ ಹಿಂದಿನ ಮೇನ್‌ಸ್ಪ್ರಿಂಗ್ ಹೌಸಿಂಗ್ ಬದಲಿಸಿ ಗಟ್ಟಿ ಮಾಡಿದರು. ಹಳೆಯದರ ಹಿಂಬದಿಯಲ್ಲಿ ಚೌಕುಳಿ ಗೀರು ಇರುತ್ತದೆ, ಹೊಸದರಲ್ಲಿ ಅಡ್ಡ ಗೆರೆಗಳು. ಚೌಕುಳಿ ಕಂಡರೆ ಹೈ ವೆಲಾಸಿಟಿ ಹತ್ತಿರವೂ ತರಬೇಡಿ. ಮಾಡಿದವರೇ ಬದಲಿಸಿದ್ದಾರೆ ಅಂದ ಮೇಲೆ ‘ಉಕ್ಕು ಉಕ್ಕೇ’ ಅನ್ನುವ ಮಾತು ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಪಿಸ್ತೂಲು ಹಳೆಯದಾದರೆ ನಳಿಗೆಯ ಮೇಲಿನ ಬರಹ ಮೊದಲು ಓದಿ. 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ 2004ರವರೆಗೂ .22 ಶಾರ್ಟ್ ಅನ್ನುವ ಗಿಡ್ಡ ತೋಟಾ ಬಳಸುತ್ತಿದ್ದರು. ಅದಕ್ಕೆಂದೇ ಮಾಡಿದ ಪಿಸ್ತೂಲು ಈಗಲೂ ಕೈ ಬದಲಾಗುತ್ತಿರುತ್ತವೆ. ನೋಡೋಕೆ ಎಲ್‌ಆರ್ ಪಿಸ್ತೂಲಿನ ಅವಳಿ ತಮ್ಮನ ಹಾಗೆ. ತೋಟಾ ಮಾತ್ರ ಬೇರೆ.

ಎಂಟರ ಉಂಗುರ

ಓದಿದೆ, ನನ್ನದು ಎಲ್‌ಆರ್ ಅಂತಲೇ ಇದೆ. ಸದ್ಯ!

ಸ್ಪ್ರಿಂಗ್ ಮಾವ, ಹಾಗಾದರೆ ತೋಟಾ ಬದಲಿಸುವ ಮೊದಲು ಪಿಸ್ತೂಲನ್ನೇ ನೋಡಬೇಕೇ? ನಾನು ಒಳ್ಳೆಯ ತೋಟಾದ ಹೆಸರು ಹೇಳುತ್ತೀರಿ ಅಂದುಕೊಂಡಿದ್ದೆ.

ಸ್ಪ್ರಿಂಗ್ ಮಾವ

ಹೆಸರು ಆಮೇಲೆ. ಮೊದಲು ನೋಟ್ ಪುಸ್ತಕ ತೆಗೆದುಕೊಳ್ಳಿ. ‘ಕೈ ಕೊಟ್ಟಿತು’ ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಯಾವ ತೋಟಾ, ಯಾವ ಮ್ಯಾಗಜಿನ್, ಮ್ಯಾಗಜಿನ್ನಿನ ಎಷ್ಟನೆಯ ಹೊಡೆತ, ಏನಾಯಿತು: ಒಳಗೆ ಹೋಗಲಿಲ್ಲವೋ, ಸಿಡಿಯಲಿಲ್ಲವೋ, ಹೊರಗೆ ಬರಲಿಲ್ಲವೋ. ಇಷ್ಟು ಬರೆದಿಡಿ. ಮ್ಯಾಗಜಿನ್ನುಗಳಿಗೆ ನಂಬರ್ ಹಾಕಿ. ಪ್ರತಿ ಬಗೆಯಲ್ಲಿ 150 ಹೊಡೆದು ಬನ್ನಿ. ಹೈ ವೆಲಾಸಿಟಿ ಬೇಡ.

ರೇಂಜ್ ಕಾವಲು

ಹೊಡೆಯಲು ಹೋಗುವ ಮೊದಲು ನನ್ನದೊಂದು ಮಾತು. ಇದನ್ನು ಹಾರಿಸಿ ಓದಬೇಡಿ.

‘ಟಕ್’ ಅಂದು ಸಿಡಿಯದಿದ್ದರೆ ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಆಮೇಲೆ ಸ್ಲೈಡ್ ಎಳೆಯಿರಿ. ತಡವಾಗಿ ಸಿಡಿಯುವ ತೋಟಾ ಅಪರೂಪ, ಆದರೆ ಇದೆ. ಹೊಡೆತದ ಸದ್ದು ಎಂದಿನಂತಿರದೆ ‘ಪುಸ್’ ಅಂದರೆ ಅಲ್ಲಿಗೇ ನಿಲ್ಲಿಸಿ. ಪಿಸ್ತೂಲು ಖಾಲಿ ಮಾಡಿ ನಳಿಗೆಯೊಳಗೆ ಕಡ್ಡಿ ಹಾಕಿ ನೋಡಿ. ಗುಂಡು ಒಳಗೇ ಉಳಿದಿದ್ದು, ನೀವು ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಹೆಬ್ಬೆರಳಲ್ಲಿ ಗುದ್ದಿ ಮುಚ್ಚಬೇಡಿ. ಆ ತೋಟಾ ಯಾಕೋ ಒಳಗೆ ಹೋಗುತ್ತಿಲ್ಲ, ಹೊರಗೆ ತೆಗೆಯಿರಿ. ರಿಮ್‌ಫೈರ್‌ನಲ್ಲಿ ಸಿಡಿಮದ್ದು ಅಂಚಿನಲ್ಲೇ ಇರುವುದರಿಂದ ಅಂಚನ್ನು ಗುದ್ದುವುದು ತಮಾಷೆಯಲ್ಲ.

ಸಿಡಿಯದ ತೋಟಾಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರಬೇಡಿ. ರೇಂಜಿನಲ್ಲಿ ಅದಕ್ಕೇ ಒಂದು ಡಬ್ಬಿ ಇರುತ್ತದೆ. ಕನ್ನಡಕ ಹಾಕಿ. ಮುಗಿದ ಮೇಲೆ ಕೈ ತೊಳೆಯಿರಿ. ಗುಂಡಿನಲ್ಲಿ ಸೀಸ, ಸಾಮಾನ್ಯ ಪ್ರೈಮರಿನ ಹೊಗೆಯಲ್ಲೂ ಸೀಸ.

ಹೊಸಬಳು

ನಡುವೆ ಬಾಯಿ ಹಾಕುತ್ತಿದ್ದೇನೆ. ಸಿಡಿಮದ್ದು ಅಂಚಿನಲ್ಲಿ ಅಂದರೆ? ದೊಡ್ಡ ತೋಟಾಗಳಲ್ಲಿ ನಡುವೆ ಒಂದು ಪ್ರೈಮರ್ ಕಾಣುತ್ತದಲ್ಲ, ಇದರಲ್ಲಿ ಇಲ್ಲವೇ?

ಹಳೇ ಕಬ್ಬಿಣ

ಇಲ್ಲ. ಹೆಸರೇ ಹೇಳುತ್ತದೆ, ರಿಮ್‌ಫೈರ್. ಹಿತ್ತಾಳೆ ಕೇಸಿನ ಬುಡದ ಅಂಚು ಒಳಗೆ ಟೊಳ್ಳು. ಕಾರ್ಖಾನೆಯಲ್ಲಿ ಒದ್ದೆ ಸಿಡಿಮದ್ದನ್ನು ಕೇಸಿನೊಳಗೆ ಹಾಕಿ ಗಿರಗಿರ ತಿರುಗಿಸುತ್ತಾರೆ. ಮಜ್ಜಿಗೆ ಕಡೆಯುವಾಗ ಬೆಣ್ಣೆ ಅಂಚಿಗೆ ಅಂಟುವ ಹಾಗೆ ಅದು ಸುತ್ತಲೂ ಅಂಚಿಗೆ ಹೋಗಿ ಕೂರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಕಿಡಿ. ಅಂಚಿನ ಯಾವುದೋ ಒಂದು ಕಡೆ ಮದ್ದು ಸರಿಯಾಗಿ ತಲುಪದಿದ್ದರೆ, ಪಿನ್ ಅಲ್ಲೇ ಬಿದ್ದರೆ, ಟಕ್. ಹಾಗಾಗಿ ನಡುವೆ ಪ್ರೈಮರ್ ಇರುವ ತೋಟಾದಷ್ಟು ಭರವಸೆ .22ನಲ್ಲಿ ಎಂದೂ ಸಿಗುವುದಿಲ್ಲ.

.22 ಎಲ್‌ಆರ್ ಬಂದಿದ್ದು 1887ರಲ್ಲಿ. ಇದರ ಗುಂಡು ಕೇಸಿನಷ್ಟೇ ದಪ್ಪ. ಹಿಮ್ಮಡಿ ಮಾತ್ರ ಸಣ್ಣದಾಗಿ ಕೇಸಿನೊಳಗೆ ಕೂತಿರುತ್ತದೆ. ಅದರಿಂದ ಮೇಣವೋ ಗ್ರೀಸೋ ಗುಂಡಿನ ಹೊರಮೈಗೇ ಬಳಿಯಬೇಕು. ಜೇಬಿನ ಧೂಳು, ಚೀಲದ ನೂಲು, ಎಲ್ಲ ಅದಕ್ಕೆ ಅಂಟುತ್ತದೆ. ಕೆಳಗೆ ಬಿದ್ದ ತೋಟಾ ಎತ್ತಿ ಊದಿ ಹಾಕುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಎಂಟರ ಉಂಗುರ

ಎರಡು ವಾರವಾಯಿತು. ಲೆಕ್ಕ ತಂದಿದ್ದೇನೆ.

ಸ್ಟ್ಯಾಂಡರ್ಡ್, 150 ಹೊಡೆತ: 4 ಚಿಮಣಿ, 3 ಟಕ್. ಟಕ್ ಅಂದ ಮೂರನ್ನೂ ಕಾದು, ಹೊರಗೆ ತೆಗೆದು, ಸ್ವಲ್ಪ ತಿರುಗಿಸಿ ಮತ್ತೆ ಹಾಕಿದೆ. ಮೂರೂ ಸಿಡಿದವು.

ಮ್ಯಾಚ್, 150 ಹೊಡೆತ: 5 ಸಲ ಸ್ಲೈಡ್ ಪೂರ್ತಿ ಮುಚ್ಚಲಿಲ್ಲ, 3 ಚಿಮಣಿ, 2 ಟಕ್. ಇವೂ ಎರಡನೇ ಏಟಿಗೆ ಸಿಡಿದವು. ಎರಡು ಸಲ ತೋಟಾದ ಮೂಗು ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಕೆಳಗೆ ಗುದ್ದಿಕೊಂಡಿತು. ಆ ಎರಡೂ 2ನೇ ನಂಬರ್ ಮ್ಯಾಗಜಿನ್.

ಸ್ಲೈಡ್ ಮುಚ್ಚದ್ದು ಬಹುಪಾಲು 60 ಹೊಡೆತ ಆದ ಮೇಲೆ ಶುರುವಾಯಿತು. ಇದಕ್ಕೆ ಅರ್ಥ ಇದೆಯೇ?

ಸ್ಪ್ರಿಂಗ್ ಮಾವ

ಇದೆ. ನೀವು ಬರೆದಿದ್ದರಲ್ಲೇ ಉತ್ತರ ಕೂತಿದೆ.

ಟಕ್ ಅಂದ ತೋಟಾ ಐದಕ್ಕೆ ಐದೂ ಎರಡನೇ ಏಟಿಗೆ ಸಿಡಿದಿವೆ. ಎರಡು ಕಂಪನಿಯ ತೋಟಾಗಳಲ್ಲೂ ಒಂದೇ ಕಥೆ. ನೀವು ತಿರುಗಿಸಿ ಹಾಕಿದ್ದರಿಂದ ಅಂಚಿನ ಒಂದು ಕಡೆ ಮದ್ದಿಲ್ಲದ ತಪ್ಪೂ ಇರಬಹುದು, ಆದರೆ ಎರಡೂ ಕಂಪನಿಯಲ್ಲಿ ಒಟ್ಟಿಗೇ ಅಂದರೆ ನಂಬುವುದು ಕಷ್ಟ. ಹಾಗಾಗಿ ನನ್ನ ಅನುಮಾನ ಏಟಿನ ಮೇಲೆ. ಆ ಕೇಸುಗಳ ಅಂಚಿನ ಗುರುತು ನೋಡಿದಿರಾ? ಮೊದಲ ಗುರುತು ತೆಳ್ಳಗಿದ್ದರೆ ಪಿನ್ ಸ್ಪ್ರಿಂಗ್ ಸೋತಿದೆ, ಅಥವಾ ಪಿನ್ನಿನ ತುದಿ ಸವೆದಿದೆ, ಅಥವಾ ಪಿನ್ ಓಡಾಡುವ ತೂತಿನಲ್ಲಿ ಹಳೇ ಎಣ್ಣೆ ಗೋಂದಾಗಿದೆ. ಇನ್ನೊಂದು ಸಾಧ್ಯತೆಯೂ ಇದೆ. ತೋಟಾ ಪೂರ್ತಿ ಒಳಗೆ ಕೂತಿರದಿದ್ದರೆ ಪಿನ್ನಿನ ಮೊದಲ ಏಟು ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಎರಡನೇ ಏಟಿಗೆ ಸಿಡಿಯುತ್ತದೆ.

ನಿಮ್ಮ ಕಡೇ ಸಾಲು ಈ ಎರಡನೇ ಸಾಧ್ಯತೆಯ ಕಡೆ ಬೊಟ್ಟು ಮಾಡುತ್ತಿದೆ. 60 ಆದ ಮೇಲೆ ಶುರು ಅಂದರೆ ಚೇಂಬರಿನಲ್ಲಿ ಏನೋ ಕಟ್ಟಿಕೊಳ್ಳುತ್ತಿದೆ.

ಮೇಣದ ಬತ್ತಿ

ಇದು ನನ್ನ ಏರಿಯಾ.

ಟಾರ್ಗೆಟ್ ಪಿಸ್ತೂಲಿನ ಚೇಂಬರು ಬಿಗಿ. ಮ್ಯಾಚ್ ತೋಟಾದ ಮೇಲೆ ಮೆತ್ತನೆ ಮೇಣ ಧಾರಾಳವಾಗಿರುತ್ತದೆ. ಪ್ರತಿ ತೋಟಾ ಒಳಗೆ ಹೋಗುವಾಗ ಒಂದು ಚೂರು ಮೇಣ ಚೇಂಬರಿನ ಬಾಯಲ್ಲಿ ಉಳಿಯುತ್ತದೆ. ಮೇಲೆ ಮಸಿ ಕೂರುತ್ತದೆ. ಮತ್ತೆ ಮೇಣ. ಐವತ್ತು ಅರವತ್ತಕ್ಕೆ ಒಂದು ಗಟ್ಟಿ ಉಂಗುರ ಆಗುತ್ತದೆ. ಚಳಿಯಿದ್ದರೆ ಮೇಣ ಇನ್ನೂ ಗಟ್ಟಿ, ತೋಟಾ ಒಳಗೆ ಜಾರುವುದಿಲ್ಲ. ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ತರಹದ ತೋಟಾಗಳ ಮೇಣ ಒಣಗಿದಂತಿರುತ್ತದೆ, ಕೈಗೆ ಅಷ್ಟು ಅಂಟುವುದಿಲ್ಲ. ಈಲಿ ಕಂಪನಿಯವರದು ಜಿಡ್ಡು ಜಿಡ್ಡು. ಇದರಲ್ಲಿ ಒಳ್ಳೆಯದು ಕೆಟ್ಟದ್ದು ಅಂತಿಲ್ಲ, ಆ ಜಿಡ್ಡು ನಳಿಗೆಗೆ ಹಿತ. ಹಳೇ ಪಿಸ್ತೂಲಿನ ಸೋತ ಸ್ಪ್ರಿಂಗಿಗೆ ಮಾತ್ರ ಅದನ್ನು ತಳ್ಳಿ ಮುಚ್ಚುವ ತಾಕತ್ತು ಇರುವುದಿಲ್ಲ.

ಈ ಪಿಸ್ತೂಲಿನ ಹಿಂದಿನ ಮಾಲೀಕರು .22 ಶಾರ್ಟ್ ಹೊಡೆದಿದ್ದರೋ ಏನೋ, ಅದನ್ನೂ ಯೋಚಿಸಿ. ಶಾರ್ಟ್ ಕೇಸು 10.7 ಮಿಲಿಮೀಟರ್, ಎಲ್‌ಆರ್ ಕೇಸು 15.6. ಒಂದೊಂದೇ ಕೈಯಲ್ಲಿ ಹಾಕಿ ಹೊಡೆದರೆ ಶಾರ್ಟ್ ಸಿಡಿಯುತ್ತದೆ. ಆದರೆ ಅದು ಮುಗಿಯುವ ಜಾಗದಲ್ಲಿ ಸೀಸ, ಮಸಿ ಕಟ್ಟುತ್ತದೆ. ಆಮೇಲೆ ಉದ್ದ ಕೇಸು ಅಲ್ಲಿ ಹೋಗಿ ತಡೆಯುತ್ತದೆ.

ಒಂದು ಪರೀಕ್ಷೆ ಮಾಡಿ. ಪಿಸ್ತೂಲು ಬಿಚ್ಚಿ ನಳಿಗೆ ಬೇರೆ ಮಾಡಲು ಬರುವುದಾದರೆ, ರೇಂಜಿನಲ್ಲೇ, ತೋಟಾವನ್ನು ಚೇಂಬರಿಗೆ ಸುಮ್ನೆ ಬಿಡಿ. ಬೆರಳ ತುದಿಯಲ್ಲಿ ಒಂದು ಚೂರು ಒತ್ತಿದರೆ ರಿಮ್ ಕೂರಬೇಕು. ಕೂರದಿದ್ದರೆ ಕಂಚಿನ ಬ್ರಷ್ ತೆಗೆದುಕೊಂಡು ಚೇಂಬರನ್ನು ಚೆನ್ನಾಗಿ ಉಜ್ಜಿ, ದ್ರಾವಣ ಹಾಕಿ, ಒರೆಸಿ. ಕಡೆಗೆ ಪೂರ್ತಿ ಒಣಗಿಸಿ. ಚೇಂಬರಿನಲ್ಲಿ ಎಣ್ಣೆ ಬಿಡಬೇಡಿ.

ಎಡಗೈ

ಚಿಮಣಿ ಬಗ್ಗೆ ಯಾರೂ ಮಾತಾಡಲಿಲ್ಲ. ನಿಮ್ಮ ಪಿಸ್ತೂಲಿನ ಮೇಲೆ ರೆಡ್ ಡಾಟ್ (ಕೆಂಪು ಚುಕ್ಕಿ ತೋರಿಸುವ ಗುರಿ ಸಾಧನ) ಇದೆಯೇ? ಇದ್ದರೆ ಅದು ಕೂತಿರುವುದು ನಳಿಗೆಯ ಮೇಲೋ ಸ್ಲೈಡಿನ ಮೇಲೋ?

ಎಂಟರ ಉಂಗುರ

ಇದೆ! ಸ್ಲೈಡಿನ ಮೇಲೆ. ಹಿಂದಿನವರೇ ಹಾಕಿಸಿದ್ದು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಎಡಗೈ

ಸಿಕ್ಕಿತು ನೋಡಿ. ಸ್ಲೈಡಿನ ತೂಕ ಹೆಚ್ಚಿದರೆ ಅದೇ ತೋಟಾಕ್ಕೆ ಸ್ಲೈಡು ನಿಧಾನವಾಗುತ್ತದೆ. ಖಾಲಿ ಕೇಸು ಅದನ್ನು ಹೊರಗೆ ಹಾರಿಸುವ ಎಜೆಕ್ಟರಿಗೆ ತಾಗುವ ಏಟು ಮೆತ್ತಗಾಗುತ್ತದೆ. ಕೇಸು ಪೂರ್ತಿ ಹಾರದೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೈ ವೆಲಾಸಿಟಿಯಲ್ಲಿ ಇದು ಮುಚ್ಚಿಹೋಗುವುದು ಇದಕ್ಕೇ. ಒಮ್ಮೆ ಡಾಟ್ ತೆಗೆದು ಕಬ್ಬಿಣದ ಸೈಟಿನಲ್ಲೇ 50 ಹೊಡೆದು ನೋಡಿ.

ಹಾಗೆಯೇ ಕೇಸನ್ನು ಚೇಂಬರಿನಿಂದ ಎಳೆಯುವ ಎಕ್ಸ್‌ಟ್ರಾಕ್ಟರ್ ಉಗುರಿನ ಕೆಳಗೆ ಹಲ್ಲುಕಡ್ಡಿ ಹಾಕಿ ಕೆರೆಯಿರಿ. ಅಲ್ಲಿ ಎಷ್ಟು ಕಸ ಇರುತ್ತದೆ ಅಂದರೆ ನಾಚಿಕೆಯಾಗುತ್ತದೆ. ನನಗಂತೂ ಆಗಿದೆ.

ಗಟ್ಟಿ ಹಿಡಿ

ಇಷ್ಟೆಲ್ಲ ಯಾಕೆ? ಟೆನೆಕ್ಸ್ ತೆಗೆದುಕೊಳ್ಳಿ, ಮುಗಿಯಿತು. ಅತ್ಯುತ್ತಮ ತೋಟಾ ಹಾಕಿದರೆ ಅತ್ಯುತ್ತಮವಾಗಿ ಓಡುತ್ತದೆ.

ಮೇಣದ ಬತ್ತಿ

ಗಟ್ಟಿ ಹಿಡಿಯವರೇ, ಅವರ ಲೆಕ್ಕ ಓದಿದಿರಾ? ಅವರಲ್ಲಿ ಮ್ಯಾಚ್ ತೋಟಾವೇ ಹೆಚ್ಚು ನಿಂತಿದ್ದು. ಈಲಿ ಟೆನೆಕ್ಸ್, ಲಪುವಾದ ಮೇಲಿನ ದರ್ಜೆಯ ತೋಟಾಗಳನ್ನು ಒಂದೇ ತೂತಿನಲ್ಲಿ ಗುಂಡು ಹೋಗಲಿ ಅಂತ ಮಾಡುತ್ತಾರೆ. ಬಹುಪಾಲು ಅವು ಬೋಲ್ಟ್ ರೈಫಲ್ಲಿಗೆ. ಅಲ್ಲಿ ಕೈಯಿಂದ ಒತ್ತಿ ಮುಚ್ಚುತ್ತೀರಿ, ಮೇಣ ಎಷ್ಟಿದ್ದರೇನು. ಪಿಸ್ತೂಲಿಗೆ ಅಂತಲೇ ಮಾಡಿದವು ಬೇರೆ ಇವೆ: ಎಸ್‌ಕೆ ಪಿಸ್ಟಲ್ ಮ್ಯಾಚ್, ಲಪುವಾ ಪಿಸ್ಟಲ್ ಕಿಂಗ್. ಮ್ಯಾಚ್ ತೋಟಾ ಬೇಕೇ ಬೇಕು ಅಂದರೆ ಅಲ್ಲಿಂದ ಶುರು ಮಾಡಿ. ನನ್ನ ಅನುಭವದಲ್ಲಿ ಕ್ಲಬ್ ಮಟ್ಟಕ್ಕೆ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಸಿಸಿಐ ಸ್ಟ್ಯಾಂಡರ್ಡ್, ಅಗಿಲಾ ಸ್ಟ್ಯಾಂಡರ್ಡ್ ಇಷ್ಟರಲ್ಲಿ ಒಂದಲ್ಲ ಒಂದು ಒಗ್ಗುತ್ತದೆ. ಯಾವುದು ಅಂತ ಪಿಸ್ತೂಲೇ ಹೇಳಬೇಕು. ನನ್ನ ಎರಡು ಪಿಸ್ತೂಲು ಒಂದೇ ಮಾಡೆಲ್. ಒಂದು ತಿನ್ನುವುದನ್ನು ಇನ್ನೊಂದು ಉಗುಳುತ್ತದೆ.

ಹೊಸಬಳು

ಡಬ್ಬಿಯ ಮೇಲೆ ಸಬ್‌ಸೋನಿಕ್ ಅಂತ ಇದ್ದರೆ ಅದೂ ಸ್ಟ್ಯಾಂಡರ್ಡೇನಾ? ಎರಡೂ ಶಬ್ದದ ವೇಗಕ್ಕಿಂತ ಕಡಿಮೆ ಅಲ್ವಾ?

ಸ್ಪ್ರಿಂಗ್ ಮಾವ

ಒಳ್ಳೆಯ ಪ್ರಶ್ನೆ. ಸ್ಟ್ಯಾಂಡರ್ಡ್ ವೆಲಾಸಿಟಿಯೂ ಸಾಮಾನ್ಯವಾಗಿ ಶಬ್ದದ ವೇಗದ ಕೆಳಗೇ ಇರುತ್ತದೆ. ಆದರೆ ಸಬ್‌ಸೋನಿಕ್ ಅಂತ ಮಾರುವುದರಲ್ಲಿ ತೀರಾ ಮೆತ್ತಗಿನವೂ ಇವೆ. ಸಿಸಿಐ ಕ್ವಯಟ್ ಅಂತ ಒಂದಿದೆ, ಸೆಕೆಂಡಿಗೆ 710 ಅಡಿ. ಅದು ಬೋಲ್ಟ್ ರೈಫಲ್ಲಿಗೆ ಚೆನ್ನ. ಸೆಮಿ ಆಟೋ ಪಿಸ್ತೂಲಿನ ಸ್ಲೈಡನ್ನು ಪೂರ್ತಿ ಹಿಂದೆ ತಳ್ಳುವ ಕಸುವು ಅದರಲ್ಲಿಲ್ಲ. ತಳ್ಳಲಿಲ್ಲ ಅಂತ ಪಿಸ್ತೂಲಿನ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಇನ್ನೊಂದು ತುದಿಯಲ್ಲಿ ಸಿಸಿಐಯವರದೇ ಸ್ಟಿಂಗರ್ ತೋಟಾ. 32 ಗ್ರೇನ್ ಗುಂಡು, 1,640 ಅಡಿ, ಕೇಸು ಮಾಮೂಲಿಗಿಂತ ಉದ್ದ. ಬಿಗಿ ಮ್ಯಾಚ್ ಚೇಂಬರಿಗೆ ಅದನ್ನು ಹಾಕಲೇಬಾರದು. ಹಳೇ ಟಾರ್ಗೆಟ್ ಪಿಸ್ತೂಲಿಗೆ ಎರಡು ಕಾರಣಕ್ಕೂ ಬೇಡ.

ಅಂದ ಹಾಗೆ, ಡಬ್ಬಿಯ ಮೇಲಿನ ವೇಗ ಸಾಮಾನ್ಯವಾಗಿ ಉದ್ದ ನಳಿಗೆಯಲ್ಲಿ ಅಳೆದಿದ್ದು. ಪಿಸ್ತೂಲಿನಲ್ಲಿ ಅಷ್ಟು ಬರುವುದಿಲ್ಲ. ಒಂದಕ್ಕೊಂದು ಹೋಲಿಸುವುದಕ್ಕೆ ಮಾತ್ರ ಆ ಅಂಕಿ ಇಟ್ಟುಕೊಳ್ಳಿ.

ಹಳೇ ಕಬ್ಬಿಣ

ನನಗೆ ಇನ್ನೊಂದು ಗುಮಾನಿ. ಹಿಂದಿನ ಮಾಲೀಕರು ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡಿರಬಹುದು. ಕೆಲವು ಹಳೇ ರಿಮ್‌ಫೈರ್‌ಗಳಲ್ಲಿ ತೋಟಾ ಇಲ್ಲದಿದ್ದರೆ ಪಿನ್ ನೇರವಾಗಿ ಚೇಂಬರಿನ ಅಂಚಿಗೇ ಬಡಿಯುತ್ತದೆ. ಅಂಚು ಚೂರು ಜಜ್ಜಿ ಒಳಕ್ಕೆ ಉಬ್ಬುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಬೇಕು. ಅಷ್ಟು ಸಣ್ಣ ಉಬ್ಬೇ ತೋಟಾ ಪೂರ್ತಿ ಕೂರದಂತೆ ತಡೆಯುತ್ತದೆ. ಪಿನ್ ಬೀಳುವ ಜಾಗದಲ್ಲಿ ರಿಮ್ಮಿಗೆ ಮುಂದಿನಿಂದ ಗಟ್ಟಿ ಆಸರೆಯೂ ಇರುವುದಿಲ್ಲ. ಆಸರೆ ಇಲ್ಲದ ಕಡೆ ಜಜ್ಜಿದರೆ ಕಿಡಿ ಬರುವುದು ಅದೃಷ್ಟ.

ಕಂಡರೆ ನೀವೇ ಫೈಲ್ ಹಿಡಿದು ಉಜ್ಜಬೇಡಿ. ಅದನ್ನು ಒಳಗಿಂದ ಒತ್ತಿ ಸರಿಮಾಡುವ ಸಾಧನ ಇದೆ. ಗನ್‌ಸ್ಮಿತ್ ಕೈಗೆ ಕೊಡಿ. ಆಮೇಲೆ ಡ್ರೈ ಫೈರ್‌ಗೆ (ಹೀಗೆ ಖಾಲಿ ಒತ್ತುವ ಅಭ್ಯಾಸಕ್ಕೆ) ಸ್ನ್ಯಾಪ್ ಕ್ಯಾಪ್ ಅನ್ನುವ ಹುಸಿ ತೋಟಾ ಬಳಸಿ. ಗೋಡೆಗೆ ಸ್ಕ್ರೂ ಹಾಕುವಾಗ ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ಗಿನ ಒಂದು ಸೈಜು .22 ಚೇಂಬರಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ, ಹಲವರು ಅದನ್ನೇ ಬಳಸುತ್ತಾರೆ.

ಎಡಗೈ

2ನೇ ಮ್ಯಾಗಜಿನ್ ಮರೆಯಬೇಡಿ. ಮೂಗು ಗುದ್ದಿಕೊಳ್ಳುವುದು ಬಹುಪಾಲು ಮ್ಯಾಗಜಿನ್ನಿನ ತುಟಿ ಅಗಲವಾದಾಗ ಅಥವಾ ಬಗ್ಗಿದಾಗ. ಅದನ್ನು ಪಕ್ಕಕ್ಕಿಡಿ. ಲೆಕ್ಕದಿಂದಲೂ ತೆಗೆಯಿರಿ, ಇಲ್ಲದಿದ್ದರೆ ಮ್ಯಾಗಜಿನ್ನಿನ ಪಾಪ ತೋಟಾದ ತಲೆಗೆ ಬರುತ್ತದೆ. ತುಂಬುವಾಗ ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಇದೆಯೇ ನೋಡಿ. ಹಿಂದೆ ಸಿಕ್ಕಿಕೊಂಡರೆ ಎಳೆದುಕೊಂಡು ಬರುತ್ತದೆ.

ಎಂಟರ ಉಂಗುರ

ಒಂದು ತಿಂಗಳ ಮೇಲಾಯಿತು. ಗನ್‌ಸ್ಮಿತ್ ಹತ್ತಿರ ಹೋಗಿ ಬಂದೆ. ನೀವು ಹೇಳಿದ್ದರಲ್ಲಿ ಬಹುಪಾಲು ಸಿಕ್ಕಿತು, ಎಲ್ಲವೂ ಅಲ್ಲ.

ಚೇಂಬರಿನಲ್ಲಿ ಮಸಿಯ ಉಂಗುರ ಇತ್ತು, ಉಜ್ಜಲು ಎರಡು ದಿನ ಹಿಡಿಯಿತಂತೆ. ಅಂಚಿನಲ್ಲಿ ಪಿನ್ ಬಡಿದ ಸಣ್ಣ ಗುಳಿ ಇತ್ತು, ಸರಿಮಾಡಿದರು. ಸ್ಲೈಡನ್ನು ಮತ್ತೆ ಮುಂದೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಹೊಸದರ ಪಕ್ಕ ಇಟ್ಟರೆ ಎರಡು ಸುರುಳಿಯಷ್ಟು ಗಿಡ್ಡ! ಅದನ್ನೂ ಪಿನ್ ಸ್ಪ್ರಿಂಗನ್ನೂ ಬದಲಿಸಿದರು. ಸರಿಯಾದ ಅಳತೆಯದನ್ನೇ ಹಾಕಿದ್ದಾರೆ, ಗಟ್ಟಿಯದ್ದಲ್ಲ. ಡಾಟನ್ನು ನಾನೇ ತೆಗೆದೆ. ಪಿನ್ನಿನ ತುದಿ ಚೆನ್ನಾಗಿಯೇ ಇತ್ತು.

50 ಸ್ಟ್ಯಾಂಡರ್ಡ್ ಹೊಡೆದೆ. ಒಂದೂ ನಿಲ್ಲಲಿಲ್ಲ. ಇನ್ನು ನಂಬಬಹುದು ಅಲ್ವಾ?

ಲೆಕ್ಕದ ಮೇಷ್ಟ್ರು

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಈಗ ಬಾಯಿ ಬಿಡುತ್ತೇನೆ.

50 ಸಾಲದು. ಒಂದೂ ತಪ್ಪಿಲ್ಲದೆ ಎಷ್ಟು ಹೊಡೆದಿರೋ ಅದರಿಂದ 3ನ್ನು ಭಾಗಿಸಿ. ಬಂದ ಉತ್ತರದಷ್ಟು ತಪ್ಪು ಇನ್ನೂ ಅಡಗಿರಬಹುದು, ಅದಕ್ಕಿಂತ ಜಾಸ್ತಿ ಇರುವ ಸಂಭವ ನೂರಕ್ಕೆ ಐದು. ಇದು ಅಂದಾಜು ಸೂತ್ರ, ಆದರೆ ಸಾಕು. 50ಕ್ಕೆ 3 ಅಂದರೆ 6%. ಅಂದರೆ ನಿಮ್ಮ ಹಳೇ ಮೂವತ್ತಕ್ಕೊಂದು ರೋಗ ಇನ್ನೂ ಹಾಗೇ ಇದ್ದರೂ 50 ಹೊಡೆತ ಸಲೀಸಾಗಿ ಹೋಗಿಬಿಡಬಹುದು. ಹೈ ವೆಲಾಸಿಟಿ ‘ಒಂದೂ ನಿಲ್ಲಲಿಲ್ಲ’ ಅಂದಿರಲ್ಲ, ಒಂದು ಡಬ್ಬಿ, ಅದೂ 50 ತಾನೇ? ಅದಕ್ಕೂ ಇದೇ ಮಾತು.

300 ಹೊಡೆದು ಒಂದೂ ನಿಲ್ಲದಿದ್ದರೆ 1%ಗಿಂತ ಕಡಿಮೆ ಅನ್ನಬಹುದು. ಅದೂ ಕಡಿಮೆ ಅಂತ ತಿಳಿಯಬೇಡಿ. 60 ಹೊಡೆತದ ಮ್ಯಾಚಿನಲ್ಲಿ, ನೂರಕ್ಕೊಂದು ಕೈಕೊಡುವ ಪಿಸ್ತೂಲು ಒಮ್ಮೆಯೂ ನಿಲ್ಲದೆ ಮುಗಿಸುವ ಸಂಭವ ಬರೀ 55%. ಮೂವತ್ತಕ್ಕೊಂದಾದರೆ 13%. ಮುನ್ನೂರಕ್ಕೊಂದಾದರೆ 82%.

ಎಂಟರ ಉಂಗುರ

13 ಅಂತ ಓದಿ ಎದೆ ಧಸಕ್ಕೆಂದಿತು. ನಾನು ಹೋದ ಪ್ರತಿ ಮ್ಯಾಚಿನಲ್ಲೂ ನಿಂತಿದ್ದು ನನ್ನ ಹಣೆಬರಹ ಅಂದುಕೊಂಡಿದ್ದೆ. ಸರಿ, 300.

ಮೇಣದ ಬತ್ತಿ

ಹೊಡೆಯುವಾಗ ಎರಡು ವಿಷಯ. ಒಂದು ತೋಟಾದಿಂದ ಇನ್ನೊಂದಕ್ಕೆ ಹೋಗುವಾಗ ಚೇಂಬರು ಒರೆಸಿ, ಮೊದಲ ಹತ್ತಿಪ್ಪತ್ತು ಗುರಿಯ ಲೆಕ್ಕಕ್ಕೆ ಬೇಡ. ಹೊಸ ಮೇಣ ನಳಿಗೆಗೆ ಹಿಡಿಯಬೇಕು. ಎರಡನೆಯದು, 300ನ್ನೂ ಒಂದೇ ದಿನ ಸ್ವಚ್ಛ ಪಿಸ್ತೂಲಿನಲ್ಲಿ ಬೇಡ. ಮ್ಯಾಚಿನಲ್ಲಿ ಪಿಸ್ತೂಲು ಹೇಗಿರುತ್ತದೋ ಹಾಗೆ ಇರಲಿ. ನಡುವೆ ಒರೆಸದೆ 100, 100, 100.

ಗಟ್ಟಿ ಹಿಡಿ

ರಿಮ್ ದಪ್ಪ ಅಳೆಯುವ ಗೇಜ್ ತೆಗೆದುಕೊಂಡು ತೋಟಾ ವಿಂಗಡಿಸಿದರೆ? ಅದರಿಂದ ಗುಂಪು (ಟಾರ್ಗೆಟ್ಟಿನಲ್ಲಿ ಗುಂಡುಗಳು ಬೀಳುವ ಹರವು) ಬಿಗಿಯಾಗುತ್ತದೆ ಅಂತ ಕೇಳಿದ್ದೇನೆ.

ಎಡಗೈ

50 ಮೀಟರ್ ರೈಫಲ್ಲಿನವರು ಮಾಡಲಿ. 25 ಮೀಟರಿನಲ್ಲಿ ಕೈಯಲ್ಲಿ ಹಿಡಿದ ಪಿಸ್ತೂಲಿಗೆ ಆ ಸಂಜೆಯನ್ನು ಡ್ರೈ ಫೈರ್ ಮಾಡಿ ಕಳೆಯುವುದು ಮೇಲು. ತೋಟಾ ಬಾಗಿದ್ದರೆ, ಗುಂಡು ಅಲ್ಲಾಡುತ್ತಿದ್ದರೆ ಪಕ್ಕಕ್ಕಿಡಿ. ಅಷ್ಟು ಸಾಕು.

ಎಂಟರ ಉಂಗುರ

ಮುಗಿಸಿದೆ. ಮೂರು ವಾರ, ಎರಡು ಬಗೆ, ತಲಾ 300. 2ನೇ ಮ್ಯಾಗಜಿನ್ ಮುಟ್ಟಲಿಲ್ಲ.

ಸ್ಟ್ಯಾಂಡರ್ಡ್: 300ಕ್ಕೆ 0. ಮ್ಯಾಚ್: 300ಕ್ಕೆ 3, ಮೂರೂ ಸ್ಲೈಡ್ ಮುಚ್ಚದ್ದು, ಮೂರೂ 80ರ ಮೇಲೆ. ಟಕ್ ಒಂದೂ ಇಲ್ಲ, ಚಿಮಣಿ ಒಂದೂ ಇಲ್ಲ.

ಮೇಜಿನ ಮೇಲೆ ಮರಳುಚೀಲಕ್ಕೆ ಒರಗಿಸಿ 25 ಮೀಟರಿನಲ್ಲಿ ಹತ್ತು ಹತ್ತು ಹೊಡೆದು ಗುಂಪೂ ಅಳೆದೆ. ಮ್ಯಾಚ್ ತೋಟಾದ ಐದು ಗುಂಪಿನ ಸರಾಸರಿ 24 ಮಿಲಿಮೀಟರ್. ಸ್ಟ್ಯಾಂಡರ್ಡ್ 31.

ಸ್ಪ್ರಿಂಗ್ ಮಾವ

25 ಮೀಟರ್ ಪ್ರಿಸಿಶನ್ ಟಾರ್ಗೆಟ್ಟಿನ ಹತ್ತರ ಉಂಗುರ 50 ಮಿಲಿಮೀಟರ್. ಒಳ ಹತ್ತು 25. ಎರಡು ತೋಟಾವೂ ಹತ್ತರೊಳಗೇ ಬೀಳುತ್ತಿವೆ. ಉಳಿದ 7 ಮಿಲಿಮೀಟರಿಗೆ ನೂರಕ್ಕೊಂದು ನಿಲುಗಡೆ ಕೊಂಡುಕೊಳ್ಳುತ್ತೀರಾ? ನಾನಾದರೆ ಇಲ್ಲ. ನಿಂತ ಹೊಡೆತಕ್ಕಿಂತ ಅದರ ನಂತರದ ಐದು ಹೊಡೆತದಲ್ಲಿ ಕೈ ನಡುಗಿ ಹೋಗುವ ಅಂಕ ಜಾಸ್ತಿ.

ಲೆಕ್ಕದ ಮೇಷ್ಟ್ರು

ಈಗ ಆ ಡಬ್ಬಿಯ ಮೇಲಿನ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ನೀವು ಪರೀಕ್ಷೆ ಮಾಡಿದ್ದು ಆ ಲಾಟನ್ನು, ಆ ಹೆಸರನ್ನಲ್ಲ. ಅದೇ ಲಾಟ್ ಸಿಕ್ಕಿದರೆ ಒಂದು ಸೀಸನ್ನಿಗೆ ಆಗುವಷ್ಟು ತೆಗೆದಿಡಿ. ಬೇರೆ ಲಾಟ್ ಬಂದಾಗ ಮತ್ತೆ ನೂರಾದರೂ ಹೊಡೆದು ನೋಡಿ.

ಹಳೇ ಕಬ್ಬಿಣ

ತಂಪಾಗಿ ಒಣಗಿರುವ ಕಡೆ ಇಡಿ. ಎಣ್ಣೆ ಸ್ಪ್ರೇ ಡಬ್ಬಿಯ ಪಕ್ಕ ಬೇಡ. ಕೇಸಿಗೂ ಗುಂಡಿಗೂ ನಡುವಿನ ಸಂದಿಯಲ್ಲಿ ತೆಳು ಎಣ್ಣೆ ಇಳಿದರೆ ಸಿಡಿಮದ್ದು ಸಾಯುತ್ತದೆ.

ಎಂಟರ ಉಂಗುರ

ಅದೇ ಲಾಟ್ 20 ಡಬ್ಬಿ ಸಿಕ್ಕಿತು, ಸಾವಿರ ತೋಟಾ. ಮ್ಯಾಚ್ ತೋಟಾ ಉಳಿದಿದ್ದನ್ನು ರೈಫಲ್ ಹೊಡೆಯುವ ಗೆಳೆಯನಿಗೆ ಕೊಟ್ಟೆ. ಹೈ ವೆಲಾಸಿಟಿಯದನ್ನೂ ಅವನೇ ಹೊತ್ತುಕೊಂಡು ಹೋದ. ನಿನ್ನೆ ಮ್ಯಾಚ್ ಇತ್ತು. ಅರವತ್ತೂ ಹೋದವು. ಅಂಕ ಕೇಳಬೇಡಿ, ಹೆಸರಿನಲ್ಲೇ ಇದೆ.

ಎಡಗೈ

ಅಭಿನಂದನೆ! 2ನೇ ಮ್ಯಾಗಜಿನ್ ಏನಾಯಿತು?

ಎಂಟರ ಉಂಗುರ

ಕೆಂಪು ಬಣ್ಣ ಬಳಿದು ಡ್ರೈ ಫೈರ್‌ಗೆ ಇಟ್ಟಿದ್ದೇನೆ. ಹಳದಿ ಪ್ಲಗ್ಗಿನ ಜೊತೆ.